ಗರ್ದಿಯ ನಡುವೆ ಒಂಟಿತನ: ಕಾಲೇಜು ವಿದ್ಯಾರ್ಥಿಗಳು ಮತ್ತು ಮನೆಯವರು ತಿಳಿಯಬೇಕಾದದ್ದು

ಒಂಟಿತನ ಎಂದರೇನು?

ಸುತ್ತ ಜನರಿಲ್ಲದಿರುವುದೇ ಒಂಟಿತನವಲ್ಲ. ನಮಗೆ ಬೇಕೆನಿಸುವ ಒಡನಾಟಕ್ಕೂ ನಿಜವಾಗಿ ಸಿಗುತ್ತಿರುವ ಒಡನಾಟಕ್ಕೂ ನಡುವೆ ಅಂತರ ಬಿದ್ದಾಗ ಆಗುವ ನೋವು ಅದು. ಆದ್ದರಿಂದಲೇ ಕಲ್ಯಾಣ್‌ನಿಂದ ಬೆಳಿಗ್ಗೆ ಹೊರಡುವ ಲೋಕಲ್‌ನಲ್ಲಿ, ಕಾಲಿಡಲು ಜಾಗವಿಲ್ಲದಷ್ಟು ಜನರ ನಡುವೆ ನಿಂತ ವಿದ್ಯಾರ್ಥಿಗೂ ಅದು ಕಾಡಬಹುದು.

ಒಂಟಿತನ ಕಾಯಿಲೆಯಲ್ಲ. ಹಸಿವು, ಬಾಯಾರಿಕೆಯಂತೆ ಅದೊಂದು ಸೂಚನೆ. ಆದರೆ ತಿಂಗಳುಗಟ್ಟಲೆ ಉಳಿದರೆ ನಿದ್ರೆ, ಓದು, ಆರೋಗ್ಯ ಎಲ್ಲವನ್ನೂ ಕೆಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ನೀಡಿದ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ 6 ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಾರೆ. 13ರಿಂದ 29 ವರ್ಷದವರಲ್ಲಿ ಈ ಪ್ರಮಾಣ ಶೇ. 17ರಿಂದ 21. ಆಯೋಗದ ಸಹ-ಅಧ್ಯಕ್ಷರಲ್ಲಿ ಒಬ್ಬರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ. ಅಂದರೆ, ಇದು ನಿಮಗೊಬ್ಬರಿಗೇ ಬಂದ ಕಷ್ಟವಲ್ಲ, ನಾಚಿಕೆಪಡುವ ವಿಷಯವೂ ಅಲ್ಲ.

ಈ ಭಾಗದ ವಿದ್ಯಾರ್ಥಿಗಳಿಗೆ ಏಕೆ ಕಾಡುತ್ತದೆ?

ಮನೆಯಿಂದ ಓಡಾಡುವವರು: ಕಲ್ಯಾಣ್‌ನಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್‌ನಲ್ಲೂ ಸುಮಾರು ಒಂದು ಗಂಟೆ ಬೇಕು. ಡೊಂಬಿವಲಿ, ಥಾಣೆಯವರಿಗೂ ದಿನದ ದೊಡ್ಡ ಪಾಲು ಪ್ರಯಾಣಕ್ಕೇ ಹೋಗುತ್ತದೆ. ಗೆಳೆತನ ಬೆಳೆಯುವುದು ಪಾಠ ಮುಗಿದ ಮೇಲೆ ಕ್ಯಾಂಟೀನಿನಲ್ಲಿ. ಆ ಹೊತ್ತಿಗೆ ಇವರು ಗರ್ದಿಗೆ ಮೊದಲಿನ ರೈಲು ಹಿಡಿಯಲು ಓಡುತ್ತಿರುತ್ತಾರೆ.

ಹಾಸ್ಟೆಲ್ ಅಥವಾ ಪಿಜಿಯಲ್ಲಿರುವವರು: ಕರ್ನಾಟಕದಿಂದ ನೆರೂಳ್, ಖಾರ್ಘರ್ ಕಡೆ ಓದಲು ಬಂದವರಿಗೆ ಭಾಷೆಯೂ ಹೊಸದು. ತರಗತಿಯಲ್ಲಿ ಇಂಗ್ಲಿಷ್, ಹೊರಗೆ ಹಿಂದಿ, ಮರಾಠಿ. ಪಾಠ ಅರ್ಥವಾಗುತ್ತದೆ, ತಮಾಷೆ ಅರ್ಥವಾಗುವಷ್ಟರಲ್ಲಿ ಉಳಿದವರು ನಕ್ಕು ಮುಗಿಸಿರುತ್ತಾರೆ.

ಇನ್ನೊಂದು ತೊಂದರೆಯಿದೆ. ಒಂಟಿತನ ಹೆಚ್ಚಾದಂತೆ ಮನಸ್ಸು ಎಲ್ಲವನ್ನೂ ತಿರಸ್ಕಾರವೆಂದೇ ಓದತೊಡಗುತ್ತದೆ. ಮೆಸೇಜಿಗೆ ಉತ್ತರ ಬರಲಿಲ್ಲ ಎಂದರೆ ‘ನಾನು ಬೇಡವಾದೆ’ ಎನಿಸುತ್ತದೆ. ಅವರೂ ರೈಲಿನಲ್ಲಿ ನಿದ್ದೆ ಹೋಗಿರಬಹುದು ಎಂಬ ಯೋಚನೆ ಬರುವುದಿಲ್ಲ. ಹಾಗೆ ನಾವೇ ಹಿಂದೆ ಸರಿಯುತ್ತೇವೆ, ಒಂಟಿತನ ಇನ್ನಷ್ಟು ಬೆಳೆಯುತ್ತದೆ.

ಏನು ಮಾಡಬಹುದು?

• ಕಾಲಾವಕಾಶ ಕೊಡಿ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ 2018ರ ಅಧ್ಯಯನವೊಂದರಲ್ಲಿ, ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಆಪ್ತ ಗೆಳೆತನವಾಗಲು 200 ಗಂಟೆಗೂ ಹೆಚ್ಚು ಒಡನಾಟ ಬೇಕೆಂದು ಕಂಡುಬಂತು. ಮೊದಲ ಸೆಮಿಸ್ಟರ್‌ನಲ್ಲಿ ಆಪ್ತರು ಸಿಗದಿದ್ದರೆ ಅದು ನಿಮ್ಮ ದೋಷವಲ್ಲ.

• ಅದೇ ಜಾಗ, ಅದೇ ಹೊತ್ತು. ದಿನವೂ ಒಂದೇ ಲೋಕಲ್, ಒಂದೇ ಡಬ್ಬಿ ಹಿಡಿಯಿರಿ. ಲೋಕಲ್ ರೈಲಿನ ಭಜನಾ ಮಂಡಳಿಗಳು ಹುಟ್ಟಿದ್ದು ಹೀಗೆಯೇ. ಕಾಲೇಜಿನಿಂದ ವಾಪಸು ಬರುವಾಗ ನಿಮ್ಮ ಕಡೆಯವರು ಯಾರಿದ್ದಾರೆ ಎಂದು ಕೇಳಿ ಜೊತೆಗೆ ಬನ್ನಿ.

• ವಾರಕ್ಕೊಂದು ನಿಗದಿತ ಕೆಲಸ. ಎನ್‌ಎಸ್‌ಎಸ್, ಆಟ, ನಾಟಕ ಯಾವುದಾದರೂ ಸರಿ. ಡೊಂಬಿವಲಿ, ನವಿಮುಂಬಯಿಗಳಲ್ಲಿ ಕನ್ನಡ ಸಂಘಗಳಿವೆ. ಕಾರ್ಯಕ್ರಮಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುವ ಬದಲು ಕುರ್ಚಿ ಹಾಕಲು ಕೈಜೋಡಿಸಿ. ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ.

• ಚಿಕ್ಕ ಸಹಾಯ ಕೇಳಿ. ನೋಟ್ಸ್ ಕೇಳುವುದು, ಒಂದು ಮರಾಠಿ ಮಾತಿನ ಅರ್ಥ ಕೇಳುವುದು ಪರಿಚಯಕ್ಕೆ ಸುಲಭವಾದ ದಾರಿ.

• ಫೋನಿನಲ್ಲಿ ಇತರರ ಫೋಟೊ ನೋಡುತ್ತಾ ಕೂರುವ ಬದಲು ಒಬ್ಬರಿಗೆ ಕರೆ ಮಾಡಿ, ಹತ್ತು ನಿಮಿಷ ಮಾತಾಡಿ.

ಇದಕ್ಕೆ ಮಾತ್ರೆ ಇದೆಯೇ?

ಇಲ್ಲ. ಔಷಧ ಅಂಗಡಿಯಲ್ಲಿ ‘ನಿದ್ದೆ ಬರುತ್ತಿಲ್ಲ, ಏನಾದರೂ ಕೊಡಿ’ ಎಂದು ಕೇಳುವ ವಿದ್ಯಾರ್ಥಿಗಳಿರುತ್ತಾರೆ. ಅಲ್‌ಪ್ರಜೋಲಂ, ಜೋಲ್‌ಪಿಡೆಂನಂಥ ಮಾತ್ರೆಗಳು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕು. ಇವು ಅಭ್ಯಾಸವಾಗಿಬಿಡುತ್ತವೆ; ಮದ್ಯದೊಂದಿಗೆ ಸೇರಿದರೆ ಉಸಿರಾಟಕ್ಕೇ ಅಪಾಯ. ರೂಮ್‌ಮೇಟ್ ಕೊಟ್ಟ ಮಾತ್ರೆ ನುಂಗಬೇಡಿ.

ಒಂಟಿತನದ ಜೊತೆ ಖಿನ್ನತೆಯೂ ಇದ್ದರೆ ವೈದ್ಯರು ಔಷಧಿ ಬರೆಯಬಹುದು. ಅದರ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ನಡುವೆ ನೀವೇ ನಿಲ್ಲಿಸಬೇಡಿ. ಹರೆಯದವರಲ್ಲಿ ಮೊದಲ ಕೆಲವು ವಾರ ತಳಮಳ ಹೆಚ್ಚಾದರೆ ಅಥವಾ ಸಾಯುವ ಯೋಚನೆ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಮನೆಯವರು ಏನು ಮಾಡಬೇಕು?

ಫೋನಿನಲ್ಲಿ ‘ಊಟ ಆಯ್ತಾ? ಓದ್ತಿದ್ದೀಯಾ?’ ಎಂದು ಕೇಳಿದರೆ ‘ಹೂಂ’ ಎಂಬ ಉತ್ತರವಷ್ಟೇ ಬರುತ್ತದೆ. ‘ಇವತ್ತು ಯಾರ ಜೊತೆ ಊಟ ಮಾಡಿದೆ?’ ಎಂದು ಕೇಳಿ ನೋಡಿ. ಉತ್ತರ ‘ಯಾರೂ ಇಲ್ಲ’ ಎಂದಾದರೆ ಬುದ್ಧಿವಾದ ಹೇಳಬೇಡಿ, ‘ನಮ್ಮ ಕಾಲದಲ್ಲಿ’ ಎಂದು ಶುರುಮಾಡಬೇಡಿ. ಮೊದಲು ಕೇಳಿಸಿಕೊಳ್ಳಿ. ಮಕ್ಕಳು ನಿಮ್ಮ ಜೊತೆಯಲ್ಲೇ ಇದ್ದರೂ ಈ ಪ್ರಶ್ನೆ ಬೇಕು. ದಿನವೂ ಮನೆಗೆ ಬರುವವರಿಗೆ ಒಂಟಿತನ ಇರಲಾರದು ಎಂದುಕೊಳ್ಳಬೇಡಿ.

ಯಾವಾಗ ನೆರವು ಪಡೆಯಬೇಕು?

ಎರಡು ವಾರಕ್ಕೂ ಹೆಚ್ಚು ಕಾಲ ಬಹುಪಾಲು ದಿನ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಅಥವಾ ಹಸಿವೆ ಕೆಡುವುದು, ತರಗತಿ ತಪ್ಪಿಸಿ ಕೋಣೆಯಲ್ಲೇ ಉಳಿಯುವುದು ಕಂಡರೆ ಕಾಲೇಜಿನ ಆಪ್ತಸಮಾಲೋಚಕರನ್ನು ಅಥವಾ ವೈದ್ಯರನ್ನು ಕಾಣಿ. ಥಾಣೆಯಲ್ಲಿ 1901ರಿಂದಲೂ ಸರ್ಕಾರಿ ಮಾನಸಿಕ ಆಸ್ಪತ್ರೆಯಿದೆ. ಅಲ್ಲಿಗೆ ಹೋಗುವುದೆಂದರೆ ದಾಖಲಾಗುವುದೆಂದಲ್ಲ. ಹೊರರೋಗಿಯಾಗಿ ತೋರಿಸಿಕೊಂಡು ಬರಬಹುದು.

ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮನೆಯವರೂ ಕರೆ ಮಾಡಬಹುದು.

ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದರೆ ಕಾಯಬೇಡಿ. ಹತ್ತಿರವಿರುವ ಯಾರಿಗಾದರೂ ಈಗಲೇ ಹೇಳಿ, 14416ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಜೊತೆಯಲ್ಲಿರುವವರು ನೆರವು ಸಿಗುವವರೆಗೆ ಅವರನ್ನು ಒಬ್ಬರೇ ಬಿಡಬಾರದು.