ದೈವಚಿತ್ತ ಮತ್ತು ಮಾನವಚಿತ್ತ: ದಕ್ಷಿಣ ಧಾರವಾಡ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿಚಾರ

ಸ್ವಂತ ಇಚ್ಛೆಯನ್ನು ದೇವರ ಇಚ್ಛೆಗೆ ಅಧೀನಗೊಳಿಸುವುದೇ ಕ್ರೈಸ್ತ ಜೀವನದ ತಿರುಳೆಂಬುದು ಆ ಧರ್ಮದ ಪಂಗಡಗಳೆಲ್ಲ ಒಪ್ಪುವ ಮಾತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಯೇಸುಕ್ರಿಸ್ತನು ತನಗೊದಗಲಿದ್ದ ಯಾತನೆ ತಪ್ಪಲೆಂದು ಬೇಡಿ, ಕಡೆಗೆ ತಂದೆಯ ಇಚ್ಛೆಗೆ ತನ್ನನ್ನೊಪ್ಪಿಸಿಕೊಂಡ ಪ್ರಸಂಗವೇ ಇದಕ್ಕೆ ಮೂಲಾದರ್ಶ. ಧರ್ಮಶಾಸ್ತ್ರಜ್ಞನು ಇಲ್ಲಿಗೆ ನಿಲ್ಲಬಹುದು. ಆದರೆ ಇತಿಹಾಸದ ವಿದ್ಯಾರ್ಥಿಗೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ದೇವರ ಇಚ್ಛೆ ಇಂಥದೇ ಎಂದು ನಿರ್ಣಯಿಸಿದವರು ಯಾರು? ಆ ಪ್ರಶ್ನೆಯನ್ನೇ ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆ ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಈಗ ಹಾವೇರಿ ಜಿಲ್ಲೆಯಲ್ಲಿದೆ. ಶರಣಾಗತಿಯ ಭಾವ ಈ ನೆಲಕ್ಕೆ ಹೊಸದಲ್ಲ. ಹಿರೇಕೆರೂರು ಭಾಗದ ಅಬಲೂರಿನ ಶಾಸನವು, ಏಕಾಂತದ ರಾಮಯ್ಯನು ಶಿವನಿಗೆ ತನ್ನ ತಲೆಯನ್ನೇ ಅರ್ಪಿಸಿದ ಸಂಗತಿಯನ್ನು ಹೇಳುತ್ತದೆ. ಶಿಗ್ಗಾಂವಿ ತಾಲೂಕಿನ ಬಾಡದ ಕನಕನು ನಾಯಕತನವನ್ನು ತೊರೆದು ಕಾಗಿನೆಲೆಯ ಆದಿಕೇಶವನ ದಾಸನಾದನೆಂದು ಸಂಪ್ರದಾಯ ಹೇಳುತ್ತದೆ. ಅದೇ ತಾಲೂಕಿನ ಶಿಶುನಾಳದ ಶರೀಫರು (೧೮೧೯-೧೮೮೯) ಮುಸಲ್ಮಾನರಾಗಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ವರಿಸಿದರು. ನವಾಬರು ಆಳಿದ ಸವಣೂರಿನ ಅರಮನೆಯವರು ನಂಬಿದ ಧರ್ಮದ ಹೆಸರಾದ 'ಇಸ್ಲಾಂ' ಎಂಬ ಶಬ್ದಕ್ಕೂ ದೇವರಿಗೆ ತನ್ನನ್ನೊಪ್ಪಿಸಿಕೊಳ್ಳುವುದೆಂಬುದೇ ಅರ್ಥ. ಹಾನಗಲ್ಲಿನ ವಿರಕ್ತಮಠದ ಕುಮಾರಸ್ವಾಮಿಗಳು (೧೮೬೭-೧೯೩೦) ಬಾಳಿದ ಪರಂಪರೆಯಲ್ಲಿ ಭಕ್ತನಿಗಿರುವ ಹೆಸರೇ 'ಶರಣ'.

ಇಂಥ ನಾಡಿಗೆ ಬಾಸೆಲ್ ಮಿಷನ್ನಿನವರು ಬಂದರು. ೧೮೩೪ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಅವರು ಧಾರವಾಡ (೧೮೩೭), ಹುಬ್ಬಳ್ಳಿ (೧೮೩೯), ಬೆಟಗೇರಿಗಳಲ್ಲಿ (೧೮೪೧) ಕೇಂದ್ರಗಳನ್ನು ತೆರೆದರು. ತಾವು ಹೇಳಬಂದ ಮಾತಿಗೆ ಕನ್ನಡದ ಶಬ್ದವನ್ನು ಅವರು ಹುಡುಕಬೇಕಾಗಿತ್ತು. ಕನ್ನಡ ಬೈಬಲಿನಲ್ಲಿ ದೇವರ ಇಚ್ಛೆಯನ್ನು ಸೂಚಿಸಲು ನಿಂತ ಪದ 'ಚಿತ್ತ'. ಈ ಆಯ್ಕೆ ಅರ್ಥಪೂರ್ಣವಾದುದು. ಸಂಸ್ಕೃತದಲ್ಲಿ ಅದು ಮುಖ್ಯವಾಗಿ ಮನಸ್ಸನ್ನು ಹೇಳಿದರೆ, ಕನ್ನಡದ ಬಳಕೆಯಲ್ಲಿ ಒಡೆಯನ ಸನ್ನಿಧಿಯನ್ನೂ ನೆನಪಿಗೆ ತರುತ್ತದೆ. ಬಿನ್ನಹ ಮಾಡಿಕೊಂಡವನು 'ತಮ್ಮ ಚಿತ್ತ' ಎಂದು ಕೈಮುಗಿದು ನಿಲ್ಲುತ್ತಿದ್ದನು. ಹೀಗೆ ಪರಲೋಕದ ತಂದೆಯ ಇಚ್ಛೆಯು ಕನ್ನಡದ ಕಿವಿಗೆ ದೊರೆಯ ಅಪ್ಪಣೆಯಂತೆಯೂ ಕೇಳಿಸಿರಬೇಕೆಂದು ನಾವು ಊಹಿಸುತ್ತೇವೆ.

ಮಿಷನರಿಗಳೂ ಇಂಥದೊಂದು ಅಪ್ಪಣೆಗೆ ಒಳಗಾಗಿದ್ದವರೇ. ಬಾಸೆಲಿನ ಆಡಳಿತ ಸಮಿತಿಯು ಯಾರು ಯಾವ ದೇಶಕ್ಕೆ ಹೋಗಬೇಕು, ಯಾವ ಕೇಂದ್ರದಲ್ಲಿ ದುಡಿಯಬೇಕು ಎಂಬುದನ್ನು ಗೊತ್ತುಮಾಡುತ್ತಿತ್ತು. ಮದುವೆಗೂ ಅದರ ಅನುಮತಿ ಬೇಕಿತ್ತು. ವರನನ್ನು ಒಮ್ಮೆಯೂ ಕಾಣದೆ ಹಡಗನ್ನೇರಿ ಬಂದ ವಧುಗಳಿದ್ದರು. ಸಮಿತಿಯ ತೀರ್ಮಾನವನ್ನು ದೇವರ ನಡೆಸುವಿಕೆಯೆಂದೇ ಸ್ವೀಕರಿಸಬೇಕೆಂಬುದು ಅಲ್ಲಿನ ಶಿಕ್ಷಣವಾಗಿತ್ತು. ಇದರಿಂದ ಅಪಾರ ತ್ಯಾಗಶಕ್ತಿ ಹುಟ್ಟಿತು. ದೈವಚಿತ್ತಕ್ಕೂ ಮೇಲಧಿಕಾರಿಗಳ ಚಿತ್ತಕ್ಕೂ ನಡುವಿನ ಗೆರೆ ಅಳಿಸಿಹೋಗುವ ಅಪಾಯವೂ ಹುಟ್ಟಿತು.

ಈ ಗೆರೆಯನ್ನು ಕಾಣಲು ಮಂಗಳೂರಿನ ಆನಂದರಾವ್ ಕೌಂಡಿನ್ಯನ ಜೀವನವು ನಮಗೆ ನೆರವಾಗುತ್ತದೆ. ಹರ್ಮನ್ ಮೋಗ್ಲಿಂಗನ ಶಿಷ್ಯನಾಗಿದ್ದ ಈ ಸಾರಸ್ವತ ತರುಣನು ೧೮೪೪ರ ಜನವರಿ ೬ರಂದು ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದನು. ಮತಾಂತರ ಹೊಂದಿದವರ ವಾರಸುಹಕ್ಕನ್ನು ಕಾಪಾಡುವ ಕಾಯದೆ ಬಂದದ್ದು ೧೮೫೦ರಲ್ಲಿ; ಆದುದರಿಂದ ಅವನ ನಿರ್ಧಾರವು ಕುಲವನ್ನು ಮಾತ್ರವಲ್ಲದೆ ಆಸ್ತಿಯನ್ನೂ ಪಣಕ್ಕೊಡ್ಡಿದ ನಿರ್ಧಾರವಾಗಿತ್ತು. ಪತ್ನಿ ಅವನ ಬಳಿಗೆ ಬರಲಿಲ್ಲ. ೧೮೪೬ರಲ್ಲಿ ಅವನು ಬಾಸೆಲಿಗೆ ತೆರಳಿ, ೧೮೫೧ರಲ್ಲಿ ಬೋಧಕನಾಗಿ ಹಿಂದಿರುಗಿದನು, ೧೮೬೦ರಲ್ಲಿ ಜರ್ಮನ್ ಮಹಿಳೆಯನ್ನು ವಿವಾಹವಾದನು, ೧೮೯೩ರಲ್ಲಿ ತೀರಿಕೊಂಡನು.

ಅವನ ಸಮರ್ಪಣೆಯ ಪ್ರಾಮಾಣಿಕತೆಯನ್ನು ಶಂಕಿಸಲು ಕಾರಣವಿಲ್ಲ. ಬಂಧುಗಳ ಇಚ್ಛೆಗೆ ಬಾಗದೆ ಹೊಸ ದಾರಿ ಹಿಡಿದವನು ಪರಾಧೀನನಲ್ಲ. ದೇವರಿಗೆ ಅಧೀನನಾಗುವುದಕ್ಕಾಗಿ ಅವನು ಮನುಷ್ಯರಿಂದ ಮೊದಲು ಸ್ವತಂತ್ರನಾಗಬೇಕಾಯಿತು. ಆದರೆ ಆ ಸಮರ್ಪಣೆಯ ಬೆಲೆಯಲ್ಲಿ ಒಂದು ಪಾಲನ್ನು, ಆ ನಿರ್ಧಾರವನ್ನು ತಾನು ಮಾಡದಿದ್ದ ಪತ್ನಿಯೂ ತೆತ್ತಳು. ಇದನ್ನು ಮರೆತು ಬರೆದ ಚರಿತ್ರೆ ಅರ್ಧ ಚರಿತ್ರೆಯಾದೀತು.

ಮಿಷನರಿಗಳ ವರದಿಗಳನ್ನು ಓದುವಾಗಲೂ ಇದೇ ಎಚ್ಚರ ಅವಶ್ಯ. ಅವು ಬಹುಮಟ್ಟಿಗೆ ಯುರೋಪಿನ ಭಕ್ತರಿಗಾಗಿ, ದಾನಿಗಳಿಗಾಗಿ ಸಿದ್ಧವಾದವು. ಆದ್ದರಿಂದ ಶರಣಾದವರ ಕಥೆಗಳಿಗೆ ಅಲ್ಲಿ ಹೆಚ್ಚಿನ ಸ್ಥಾನ ದೊರೆಯುವುದು ಸಹಜ. ಹಾಗೆಂದು ಬಂದವರು ಕಲಿಸಲು ಮಾತ್ರ ಬಂದವರೆಂದು ಭಾವಿಸಲಾಗದು. ಮೋಗ್ಲಿಂಗನು ಹರಿದಾಸರ ಪದಗಳನ್ನು ಸಂಗ್ರಹಿಸಿ ೧೮೫೦ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದನು. ಶರಣಾಗತಿಯನ್ನು ಬೋಧಿಸಬಂದವನು ಈ ನೆಲದ ಶರಣಾಗತಿಯ ಹಾಡುಗಳನ್ನು ಉಳಿಸಿಕೊಟ್ಟನು.

ಒಟ್ಟಿನಲ್ಲಿ ನಮಗೆ ತೋರುವುದಿಷ್ಟು. ಒಲ್ಲೆನೆನ್ನುವ ಅವಕಾಶವಿದ್ದೂ ಒಪ್ಪಿದವನ ಸಮರ್ಪಣೆಯೇ ಸಮರ್ಪಣೆ. ಆ ಅವಕಾಶವಿಲ್ಲದೆಡೆ ನಡೆದುದು ಅಧೀನತೆ ಮಾತ್ರ. ಶರೀಫರು ಗುರುವನ್ನು ತಾವಾಗಿ ವರಿಸಿದರು. ಕೌಂಡಿನ್ಯನು ಹಾದಿಯನ್ನು ತಾನಾಗಿ ಆರಿಸಿದನು. ಗೆತ್ಸೇಮನೆಯಲ್ಲಿಯೂ ಒಪ್ಪಿಗೆಗೆ ಮೊದಲು ಬೇಡಿಕೆಯಿತ್ತು. ಮನದ ಅಳುಕನ್ನು ಅಲ್ಲಿ ಮುಚ್ಚಿಡಲಿಲ್ಲ. 'ಇದು ದೈವಚಿತ್ತ' ಎಂಬ ಮಾತು ಆಕರಗಳಲ್ಲಿ ಎದುರಾದಾಗಲೆಲ್ಲ, ಅದನ್ನು ನುಡಿದವನು ಬಾಗಿದವನೋ ಬಾಗಿಸಿದವನೋ ಎಂಬುದನ್ನು ವಿದ್ಯಾರ್ಥಿಗಳು ಮೊದಲು ವಿಚಾರಿಸಬೇಕು. ಆ ವಿಚಾರಣೆಯಿಂದ ಭಕ್ತಿಗೆ ಕುಂದಿಲ್ಲ, ಚರಿತ್ರೆಗೆ ಲಾಭವುಂಟು.