ನಕಲಾದ ಡಿಸ್ಕ್, ಏಳದ ಲ್ಯಾಪ್‌ಟಾಪ್

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡು. ದಾಖಲೆಯಲ್ಲಿ ಅದು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಜನರ ಬಾಯಲ್ಲಿ ಇನ್ನೂ 1903ರಿಂದ 1907ರವರೆಗೆ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರೇ. ಹಳೆಯ ಹಾರ್ಡ್ ಡಿಸ್ಕನ್ನು ಹೊಸ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಕೊಡುವುದು ಇಲ್ಲಿನ ಅಂಗಡಿಗಳಿಗೆ ದಿನನಿತ್ಯದ ಕೆಲಸ. ಫೈಲುಗಳೆಲ್ಲ ಒಂದೂ ಬಿಡದೆ ಬಂದಿರುತ್ತವೆ. ಆದರೂ ಕೆಲವೊಮ್ಮೆ ಲ್ಯಾಪ್‌ಟಾಪ್ ಏಳುವುದಿಲ್ಲ. ಎಲ್ಲವೂ ನಕಲಾಗಿದ್ದರೆ ಉಳಿದದ್ದೇನು?

ಉಳಿದದ್ದು ಮೊದಲ ಆಜ್ಞೆಯ ವಿಳಾಸ. ಅದು ಯಾರ ಕೈಯಲ್ಲಿತ್ತು ಎಂಬುದಕ್ಕೇ ಒಂದು ಚರಿತ್ರೆಯಿದೆ.

ಇದೇ ಊರಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿದ ಕಂಪ್ಯೂಟರ್ 1960ರಲ್ಲಿ ಕೆಲಸ ಆರಂಭಿಸಿತು. 1962ರಲ್ಲಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಪ್ರೋಗ್ರಾಮು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಬರುತ್ತಿತ್ತು. ಆ ಕಾಲದ ಯಂತ್ರಗಳಿಗೆ ಎಲ್ಲಿಂದ ಶುರು ಎಂದು ಹೇಳಲು ಪಕ್ಕದಲ್ಲಿ ಮನುಷ್ಯ ಬೇಕಿತ್ತು. ಸಣ್ಣ ಪ್ರೋಗ್ರಾಮೊಂದು ಮೊದಲು ಒಳಬಂದು ದೊಡ್ಡದನ್ನು ಎಳೆದು ತರುವ ಉಪಾಯಕ್ಕೆ 1950ರ ದಶಕದಲ್ಲೇ ಬೂಟ್‌ಸ್ಟ್ರ್ಯಾಪ್ ಎಂಬ ಹೆಸರು ಬಿದ್ದಿತ್ತು: ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು. ಕನ್ನಡ ಆ ಪಟ್ಟಿಯ ಗೊಡವೆಗೆ ಹೋಗದೆ ಬೂಟನ್ನಷ್ಟೇ ಇಟ್ಟುಕೊಂಡಿತು. 'ಬೂಟ್ ಆಗ್ತಿಲ್ಲ' ಅಂದರೆ ಸಾಕು.

1980ರ ದಶಕದ ಪಿಸಿಗಳಲ್ಲಿ ಈ ಗುಟ್ಟು ಡಿಸ್ಕಿನ ಮೊದಲ ಸೆಕ್ಟರಿಗೆ ಬಂತು. ಬರೀ 512 ಬೈಟು: 446ರಲ್ಲಿ ಚಿಕ್ಕ ಪ್ರೋಗ್ರಾಮು, 64ರಲ್ಲಿ ಡಿಸ್ಕಿನ ಭಾಗಗಳ ಪಟ್ಟಿ, ಕೊನೆಯ ಎರಡರಲ್ಲಿ ಗುರುತು. ಆ ಸೆಕ್ಟರನ್ನೂ ನಕಲು ಮಾಡಿದರೆ ಡಿಸ್ಕ್ ಬಹುಮಟ್ಟಿಗೆ ತಾನಾಗಿ ಏಳುತ್ತಿತ್ತು.

ನಂತರ ಯುಇಎಫ್‌ಐ ಬಂತು. ಅದನ್ನು ನೋಡಿಕೊಳ್ಳುವ ಒಕ್ಕೂಟ ಹುಟ್ಟಿದ್ದು 2005ರಲ್ಲಿ. ಯಾವ ಡಿಸ್ಕಿನ ಯಾವ ಭಾಗದಲ್ಲಿ ಯಾವ ಫೈಲು ಎಂಬ ವಿಳಾಸ ಈಗ ಮದರ್‌ಬೋರ್ಡಿನ ಸ್ಮೃತಿಯಲ್ಲಿರುತ್ತದೆ. ಕ್ಲೋನ್ ಅದನ್ನು ಮುಟ್ಟುವುದೇ ಇಲ್ಲ. ಡಿಸ್ಕಿನ ಭಾಗಕ್ಕೆ ಹೊಸ ಗುರುತುಸಂಖ್ಯೆ ಬಿದ್ದಿದ್ದರೆ ಹಳೆಯ ವಿಳಾಸ ಸುಳ್ಳಾಗುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದರೆ ಇನ್ನೊಂದು ತೊಡಕು: ಹೊಸ ಡಿಸ್ಕನ್ನು ಓದುವ ಡ್ರೈವರನ್ನು ವಿಂಡೋಸ್ ಆರಂಭದಲ್ಲೇ ಎಬ್ಬಿಸದಿದ್ದರೆ ನೀಲಿ ಪರದೆ. ಎಷ್ಟೋ ಸಲ ಸೇಫ್ ಮೋಡಿನಲ್ಲಿ ಒಮ್ಮೆ ಎಬ್ಬಿಸಿದರೆ ಸರಿಹೋಗುತ್ತದೆ.

ಏಳದಿರುವುದು ವಾಸಿ, ಕಡೇಪಕ್ಷ ತಪ್ಪು ಕಣ್ಣಿಗೆ ಕಾಣುತ್ತದೆ. ಹೆಚ್ಚು ಭಯ ಹುಟ್ಟಿಸಬೇಕಾದದ್ದು ಎರಡೂ ಡಿಸ್ಕು ಒಳಗಿದ್ದಾಗ ಲ್ಯಾಪ್‌ಟಾಪ್ ಸಲೀಸಾಗಿ ಎದ್ದುಬಿಡುವುದು. ಹಾಗೇ ನಕಲಾದ ಡಿಸ್ಕುಗಳಲ್ಲಿ ಗುರುತುಗಳೂ ಒಂದೇ. ಬೋರ್ಡು ಹಳೆಯದನ್ನೇ ಹಿಡಿದಿರಬಹುದು. ವಿಂಡೋಸ್ ಒಂದು ಗುರುತಿನ ಇಬ್ಬರನ್ನು ಸಹಿಸದೆ ಇನ್ನೊಂದನ್ನು ತೆಪ್ಪಗೆ ಆಫ್‌ಲೈನ್ ಇಡುತ್ತದೆ. ಹೊಸದರ ಮೇಲಿದ್ದೇನೆ ಎಂದುಕೊಂಡವರು ವಾರವಿಡೀ ಲೆಕ್ಕಪತ್ರ ಬರೆದು, ಆಮೇಲೆ 'ಹಳೆಯದನ್ನು' ಅಳಿಸುತ್ತಾರೆ. ಅಳಿದದ್ದು ಆ ವಾರದ ಕೆಲಸ.

ಆದ್ದರಿಂದ ತಿಳಿದವರು ಕ್ಲೋನ್ ಮುಗಿದೊಡನೆ ಮೆಷಿನ್ ಆಫ್ ಮಾಡಿ, ಹಳೆಯದನ್ನು ಸ್ಕ್ರೂ ಬಿಚ್ಚಿ ಹೊರತೆಗೆದು, ಹೊಸದೊಂದನ್ನೇ ಇಟ್ಟು ಎಬ್ಬಿಸುತ್ತಾರೆ. ಹಳೆಯದನ್ನು ಕೆಲವು ವಾರ ಹಾಗೇ ಬೀರುವಿನಲ್ಲಿಡುತ್ತಾರೆ.