ಹಸಿದು ಸತ್ತವರ ಬಂಡೆ, ಬದುಕಿ ಉಳಿದ ಜನ

ಯುಗಾದಿ ಹೊತ್ತಿಗೆ ನಮ್ಮ ಕಡೆ ಹಳ್ಳಗಳು ಒಣಗಿ ಮರಳು ಕಾಣುತ್ತದೆ. ಅದೇ ಹೊತ್ತಿಗೆ ಶಿಕಾಗೋ ಕಡೆ ಇರುವ ನಮ್ಮ ಬ್ಯಾಚಿನ ಗೆಳೆಯನೊಬ್ಬ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಕಳಿಸಿದ. ಎರಡೂ ಕಡೆ ಹಳದಿ ಬಣ್ಣದ ಕಲ್ಲಿನ ಗೋಡೆ, ನಡುವೆ ಕಿರಿದಾದ ಕೊರಕಲು, ಅದರ ತುದಿಯಲ್ಲಿ ಧುಮುಕುವ ನೀರು. ಮೂಲೆಯಲ್ಲಿ ಇನ್ನೂ ಕರಗದ ಮಂಜುಗಡ್ಡೆ. ಜಾಗದ ಹೆಸರು ಸ್ಟಾರ್ವ್ಡ್ ರಾಕ್, ಅಂದರೆ ಹಸಿದು ಸತ್ತವರ ಬಂಡೆ. ಇಷ್ಟು ಚೆಂದದ ಜಾಗಕ್ಕೆ ಇಂಥ ಹೆಸರು ಯಾಕೆ ಅಂತ ನಾವೆಲ್ಲ ಓದುತ್ತಾ ಕೂತೆವು.

ಶಿಕಾಗೋದಿಂದ ಸುಮಾರು 150 ಕಿ.ಮೀ. ದೂರದಲ್ಲಿ, ಇಲಿನಾಯ್ ನದಿಯ ದಂಡೆಯಲ್ಲಿ ಇರುವ ಸರ್ಕಾರಿ ಉದ್ಯಾನ ಇದು. ಒಳಗೆ 18 ಕೊರಕಲುಗಳಿವೆ. ಕಲ್ಲು ಮೆದು ಜಾತಿಯ ಮರಳುಗಲ್ಲು, ಕೈಯಲ್ಲಿ ಉಜ್ಜಿದರೂ ಮರಳು ಉದುರುತ್ತದೆ. ಹಿಮಯುಗ ಮುಗಿಯುವ ಕಾಲದ ಭಾರಿ ಪ್ರವಾಹ ಈ ಕಣಿವೆಯನ್ನು ಕೊರೆಯಿತು. ಆಮೇಲೆ ಸಣ್ಣ ಸಣ್ಣ ತೊರೆಗಳು ಕೊರಕಲು ಮಾಡಿದವು. ಚಳಿಗಾಲದ ಹಿಮ ಕರಗಿ ಮಳೆಯೂ ಸೇರುವ ಮಾರ್ಚ್, ಏಪ್ರಿಲ್‌ನಲ್ಲಿ ಜಲಪಾತಗಳಿಗೆ ಜೀವ. ಬೇಸಿಗೆಗೆ ಎಷ್ಟೋ ಜಲಪಾತ ಬರೀ ತೇವದ ಗೋಡೆಯಾಗಿಬಿಡುತ್ತವೆ.

ಈಗ ಹೆಸರಿನ ಕಥೆಗೆ ಬರೋಣ. ಒಟ್ಟಾವಾ ಜನರ ನಾಯಕ ಪಾಂಟಿಯಾಕ್ 1769ರ ಏಪ್ರಿಲ್‌ನಲ್ಲಿ ಕೊಲೆಯಾದ. ಕೊಂದವನು ಇಲಿನಾಯ್ ಜನರಲ್ಲಿ ಒಂದು ಗುಂಪಾದ ಪಿಯೋರಿಯಾಕ್ಕೆ ಸೇರಿದವನು. ಇಲ್ಲಿವರೆಗೆ ಇತಿಹಾಸ. ಮುಂದಿನದು ದಂತಕಥೆ. ಸೇಡಿಗೆ ಬಂದವರಿಗೆ ಹೆದರಿ ಇಲಿನಾಯ್ ಜನ ನದಿಯ ಪಕ್ಕದ ಈ ಬಂಡೆ ಏರಿದರಂತೆ. ಬಂಡೆಯ ಎತ್ತರ ಸುಮಾರು 125 ಅಡಿ. ಮೇಲಿಂದ ಹಗ್ಗ ಕಟ್ಟಿ ಪಾತ್ರೆ ಇಳಿಬಿಟ್ಟು ನದಿ ನೀರು ಸೇದಿದರೆ ಕೆಳಗಿದ್ದವರು ಹಗ್ಗ ಕತ್ತರಿಸಿದರಂತೆ. ಕೊನೆಗೆ ಎಲ್ಲರೂ ಹಸಿವಿನಿಂದ ಸತ್ತರಂತೆ.

ಆದರೆ ಈ ಘಟನೆಗೆ ಆ ಕಾಲದ ದಾಖಲೆ ಒಂದೂ ಇಲ್ಲ. 1722ರಲ್ಲಿ ಫಾಕ್ಸ್ ಜನ ಇದೇ ಬಂಡೆಗೆ ಮುತ್ತಿಗೆ ಹಾಕಿದ್ದು ಮಾತ್ರ ನಿಜ. ಆ ಮುತ್ತಿಗೆಯಲ್ಲಿ ಇಲಿನಾಯ್ ಜನ ಬದುಕಿ ಉಳಿದರು. ಆ ನೆನಪೇ ಬೆಳೆದು ಹೀಗಾಯಿತೋ ಏನೋ ಎನ್ನುವುದು ನಮ್ಮ ಊಹೆ. ನಮ್ಮ ಕಡೆಯ ಗುಡ್ಡಗಳಿಗೂ ಇಂಥ ಕಥೆಗಳು ಅಂಟಿಕೊಂಡಿರುತ್ತವೆ, ನೀವೂ ಕೇಳಿರುತ್ತೀರಿ.

ದಾಖಲೆ ಇರುವ ಕಥೆ ಇನ್ನೂ ಸ್ವಾರಸ್ಯ. ಬಂಡೆಯ ಎದುರು ದಡದಲ್ಲಿ ಇಲಿನಾಯ್ ಜನರ ದೊಡ್ಡ ಊರಿತ್ತು. 1673ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಮಾರ್ಕೆಟ್ 74 ಮನೆ ಎಣಿಸಿದ. ಮತ್ತೆ ಬರುತ್ತೇನೆ ಅಂತ ಮಾತು ಕೊಟ್ಟು ಹೋದ. ಕಾಯಿಲೆ ಬಿದ್ದು 1674ರ ಚಳಿಗಾಲ ಈಗಿನ ಶಿಕಾಗೋ ಇರುವ ಜಾಗದಲ್ಲಿ ಕಳೆದ. ಮಾರ್ಚ್ ಕೊನೆಗೆ ಮಂಜು ಒಡೆದು ನೀರು ಏರಿತು. ಬಿಡಾರ ಬಿಟ್ಟು ಓಡಬೇಕಾಯಿತು. ಹಾಗೇ ಹೊರಟು ಏಪ್ರಿಲ್‌ನಲ್ಲಿ ಈ ಊರು ಸೇರಿದ. ಬಯಲಲ್ಲಿ ಹಿರಿಯರು 500, ಯುವಕರು 1,500 ಜನ ಸುತ್ತ ಸೇರಿ ಅವನ ಮಾತು ಕೇಳಿದರು ಎನ್ನುತ್ತದೆ ಆ ಕಾಲದ ಬರಹ. ಮುಂದಿನ ತಿಂಗಳೇ ಮಾರ್ಕೆಟ್ ತೀರಿಕೊಂಡ. ಮುಂದೆ 1682–83ರ ಚಳಿಗಾಲದಲ್ಲಿ ಲಸಾಲ್, ಟಾಂಟಿ ಎಂಬ ಫ್ರೆಂಚರು ಬಂಡೆಯ ಮೇಲೆ ಕೋಟೆ ಕಟ್ಟಿದರು. ಹತ್ತೇ ವರ್ಷದೊಳಗೆ ಅದನ್ನೂ ಬಿಟ್ಟರು.

ಆಮೇಲೆ ಯುದ್ಧ, ಹೊರಗಿಂದ ಬಂದ ರೋಗ, ಜಾಗ ಬಿಟ್ಟುಕೊಡುವ ಒಪ್ಪಂದಗಳು. 1832ರ ಒಪ್ಪಂದದ ನಂತರ ಉಳಿದವರು ಈಗಿನ ಕಾನ್ಸಾಸ್‌ಗೆ, ಅಲ್ಲಿಂದಲೂ ಎಬ್ಬಿಸಿದಾಗ ಒಕ್ಲಹೋಮಾಕ್ಕೆ ಹೋದರು. ಮೂರೇ ವರ್ಷದಲ್ಲಿ, 1835ರಲ್ಲಿ, ಡೇನಿಯಲ್ ಹಿಟ್ ಎಂಬಾತ ಬಂಡೆಯ ಜಾಗವನ್ನು ಸರ್ಕಾರದಿಂದ 85 ಡಾಲರ್‌ಗೆ ಕೊಂಡ. 1890ರಲ್ಲಿ 15,000 ಡಾಲರ್‌ಗೆ ಮಾರಿದ. ಕೊಂಡವನು ಹೋಟೆಲು, ಕುಣಿತದ ಹಾಲು ಕಟ್ಟಿದ. 1911ರಲ್ಲಿ ರಾಜ್ಯ ಸರ್ಕಾರ 1,46,000 ಡಾಲರ್ ಕೊಟ್ಟು ವಾಪಸ್ ಕೊಂಡು ಉದ್ಯಾನ ಮಾಡಿತು. ಈ ಲೆಕ್ಕದಲ್ಲಿ ಮೂಲದವರ ಹೆಸರು ಎಲ್ಲೂ ಬರುವುದಿಲ್ಲ. ಎಲ್ಲರೂ ಬಂಡೆ ಮೇಲೆ ಸತ್ತರು ಎಂಬ ಕಥೆ ಇದ್ದರೆ ಕೇಳುವವರು ಯಾರು? ನಮಗೆ ಈ ದಂತಕಥೆಯ ಮೇಲೆ ಸಿಟ್ಟು ಬಂದಿದ್ದು ಇಲ್ಲೇ.

ಗೆಳೆಯ ಈಗ ನಡೆದಾಡಿದ ಕಾಲುದಾರಿಗಳ ಹಿಂದೆ ಇನ್ನೊಂದು ಕಥೆಯಿದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರಿಗೆ ಕೂಲಿ ಕೊಟ್ಟು ಸರ್ಕಾರ ಇಲ್ಲಿ ದಾರಿ, ವಸತಿಗೃಹ ಮಾಡಿಸಿತು. ನಮ್ಮ ಉದ್ಯೋಗ ಖಾತ್ರಿಯ ದೂರದ ಅಣ್ಣ ಅನ್ನಬಹುದು.

ಇಲಿನಾಯ್ ಜನ ಎಲ್ಲಿ ಹೋದರು? ಇದ್ದಾರೆ. ಒಕ್ಲಹೋಮಾದ ಮಯಾಮಿ ಎಂಬ ಊರಲ್ಲಿ ಪಿಯೋರಿಯಾ ಬುಡಕಟ್ಟಿನ ಆಡಳಿತ ಕಚೇರಿ ಇದೆ. 1950ರ ದಶಕದಲ್ಲಿ ಅಮೆರಿಕ ಸರ್ಕಾರ ಅವರ ಮಾನ್ಯತೆಯನ್ನೇ ರದ್ದು ಮಾಡಿತ್ತು. ಹೋರಾಡಿ 1978ರಲ್ಲಿ ಅದನ್ನು ವಾಪಸ್ ಪಡೆದರು.

ಗೆಳೆಯನಿಗೆ ಇದನ್ನೆಲ್ಲ ಬರೆದು ಕಳಿಸಿದೆವು. ಮುಂದಿನ ಸಲ ಹೋದಾಗ ಜಲಪಾತ ನೋಡಿ ಬಂಡೆ ಹತ್ತಿ ಎದುರು ದಡದ ಕಡೆ ತಿರುಗಿ ವಿಡಿಯೋ ಮಾಡು, ಆ 74 ಮನೆಗಳ ಊರು ಇದ್ದದ್ದು ಆ ಕಡೆ ಅಂದೆವು.